ಕೊಚ್ಚಿಯ ಕಡಲಿಗೆ ಬೆನ್ನು ಹಾಕಿ

ಬೆಳಗಿನ ಆರು ಗಂಟೆ. ಫೋರ್ಟ್ ಕೊಚ್ಚಿಯ ದಂಡೆಯಲ್ಲಿ ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮೀನು ಹಿಡಿಯುವ ದೊಡ್ಡ ಚೀನೀ ಬಲೆಗಳು ಕಿರುಗುಟ್ಟುತ್ತ ನೀರಿನಿಂದ ಮೇಲೇಳುತ್ತಿವೆ. ಹಾಸನ ಜಿಲ್ಲೆಯಿಂದ ಬಂದ ನಲವತ್ತೆರಡು ಹೆಂಗಸರು ಸೀರೆಯ ನೆರಿಗೆ ಎತ್ತಿ ಹಿಡಿದು, ಬಾಯಿ ಬಿಟ್ಟುಕೊಂಡು ಸಮುದ್ರ ನೋಡುತ್ತಿದ್ದಾರೆ. ಅವರ ಎದುರಿಗೆ, ಅದೇ ಸಮುದ್ರಕ್ಕೆ ಬೆನ್ನು ಹಾಕಿ ಒಬ್ಬಾಕೆ ನಿಂತಿದ್ದಾರೆ. ಕೊರಳಲ್ಲೊಂದು ಸೀಟಿ, ಸೊಂಟದಲ್ಲೊಂದು ಮಡಚಿದ ಪಟ್ಟಿ. ಕಣ್ಣು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡುತ್ತಲೇ ಇದೆ.

"ಪಾದ ನೆನೆಯೋವಷ್ಟು ಸಾಕು ಕಣ್ರವ್ವ, ಮಂಡಿ ಮುಟ್ಟಂಗಿಲ್ಲ! ಏ ಅಸ್ರು ಸೀರೆ, ಇಂದಕ್ ಬಾ! ಸಮುದ್ರ ಎಲ್ಲಿಗೂ ಓಗಕಿಲ್ಲ, ನಾಳೀಕೂ ಇಲ್ಲೇ ಇರ್ತದೆ. ನೀನು ಇರ್ಬೇಕಲ್ಲ."

ಇವರು ಬೆಟ್ಟಮ್ಮ. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯವರು, ವಯಸ್ಸು ಐವತ್ತೆಂಟು. ಹಾಸನದ ಖಾಸಗಿ ಬಸ್ಸೊಂದು ಚಳಿಗಾಲದಲ್ಲಿ ಹೆಂಗಸರನ್ನು ಕೊಚ್ಚಿಗೆ ಕರೆದೊಯ್ಯುತ್ತದೆ. ಆ ಬಸ್ಸು ಹೊರಟಾಗಲೆಲ್ಲ ಡ್ರೈವರ್ ಸೀಟಿನ ಹಿಂದೆ ನಿಂತುಕೊಂಡು ಬರುವವರು ಇವರೇ. ಕೂರಲು ಸೀಟು ಇಲ್ಲವೆಂದಲ್ಲ. ಕೂರುವುದಕ್ಕೆ ಅವರಿಗೆ ಬರುವುದಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವರು ಎಂದು ಊರಲ್ಲಿ ಹೇಳುತ್ತಾರೆ. ಊಟವನ್ನೂ ನಿಂತೇ ಮಾಡುತ್ತಾರೆ, ತಟ್ಟೆ ಒಂದು ಕೈಯಲ್ಲಿ, ಪಟ್ಟಿ ಇನ್ನೊಂದರಲ್ಲಿ.

ಮ್ಯಾನೇಜರ್ ಎಂದು ಯಾರೂ ಇವರನ್ನು ಕರೆದಿಲ್ಲ. ಬಸ್ಸಿನ ಮೇಲೆ ಹೆಸರಿಲ್ಲ, ಕರಪತ್ರದಲ್ಲಿ ಫೋಟೋ ಇಲ್ಲ. ಹದಿನಾಲ್ಕು ವರ್ಷದಲ್ಲಿ ಕೊಚ್ಚಿಗೆ ಇದು ನಲವತ್ತೊಂದನೆಯ ಪ್ರಯಾಣ. ಚನ್ನರಾಯಪಟ್ಟಣದಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಬಸ್ಸು ಹತ್ತಿದರೆ ಹಾಸನದಲ್ಲಿ ಐದು, ಹೊಳೆನರಸೀಪುರದಲ್ಲಿ ಆರು. ಅರಕಲಗೂಡಿನವರು ಅಲ್ಲಿಗೇ ಬಂದು ಕಾಯುತ್ತಾರೆ. ಕೊಚ್ಚಿ ಸೇರುವಾಗ ರಾತ್ರಿ. ಒಂದು ಸಲಕ್ಕೆ ಹನ್ನೆರಡು ಕಿಲೋ ರಾಗಿಹಿಟ್ಟು, ಎರಡು ಸಿಲಿಂಡರು, ವಾಂತಿಗೆಂದು ನೂರು ಕವರು, ನಲವತ್ತು ನಿಂಬೆಹಣ್ಣು. ಹೋದವರೆಲ್ಲ ವಾಪಸು ಬಂದಿದ್ದಾರೆ. ಈ ಕೊನೆಯ ಮಾತನ್ನು ಬೆಟ್ಟಮ್ಮ ಮೂರು ಸಲ ಹೇಳುತ್ತಾರೆ, ಮೂರು ಸಲವೂ ಬಸ್ಸಿನ ಕಂಬಿಯನ್ನು ಮುಟ್ಟಿ.

ಇಷ್ಟು ಜನರನ್ನು ಕಾಯುವುದಕ್ಕೆ ಅವರದೇ ಒಂದು ವಿಧಾನವಿದೆ. ಬಸ್ಸು ಹತ್ತಿದ ಕೂಡಲೇ ಎಲ್ಲರನ್ನೂ ಜೋಡಿ ಮಾಡುತ್ತಾರೆ. ಒಬ್ಬರಿಗೆ ಇನ್ನೊಬ್ಬರು ಹೊಣೆ. ಆದರೆ ಅಕ್ಕತಂಗಿಯರನ್ನು ಜೋಡಿ ಮಾಡುವುದಿಲ್ಲ, ಗೆಳತಿಯರನ್ನಂತೂ ಇಲ್ಲವೇ ಇಲ್ಲ. ಸಾಲಗಾಮೆಯವಳಿಗೆ ಅರಕಲಗೂಡಿನವಳು, ದಂಡಿಗನಹಳ್ಳಿಯವಳಿಗೆ ಪೇಟೆಯವಳು, ಮುಖಪರಿಚಯವೂ ಇಲ್ಲದವರನ್ನೇ ಹುಡುಕಿ ಕೂರಿಸುತ್ತಾರೆ. ಮೊದಲ ಎರಡು ಗಂಟೆ ಬಸ್ಸಿನ ತುಂಬ ಗೊಣಗಾಟ.

"ಗೆಳ್ತೀರು ಜೋಡಿ ಆದ್ರೆ ಇಬ್ರೂ ಒಟ್ಗೇ ಕಳದೋಯ್ತಾರೆ ಸಾ. ಒಬ್ಳು ತಪ್ಪು ಮಾಡಿದ್ರೆ ಇನ್ನೊಬ್ಳು ಮುಚ್ಚಾಕ್ತಾಳೆ. ಗುರ್ತಿಲ್ದೋರು ಅಂಗಲ್ಲ. ಅವ್ಳು ಸೊಲ್ಪ ಅಚ್ಚೀಚೆ ಓದ್ರೂ ಇವ್ಳು ಓಡ್ಬಂದು ಚಾಡಿ ಯೋಳ್ತಾಳೆ. ನಂಗೆ ಬೇಕಾದ್ದು ಅದೇಯ," ಎನ್ನುತ್ತಾರೆ.

ಇನ್ನೊಂದು ನಿಯಮವನ್ನು ಹೊಳೆನರಸೀಪುರ ದಾಟುವಷ್ಟರಲ್ಲಿ ಎಲ್ಲರ ಬಾಯಲ್ಲೂ ಹೇಳಿಸಿರುತ್ತಾರೆ: "ಕಳದೋದ್ರೆ ಇದ್ದ ಜಾಗ್ದಲ್ಲೇ ಇರ್ಬೇಕು. ನೀವು ನನ್ನ ಉಡುಕ್ಬ್ಯಾಡಿ, ನಾನೇ ಬತ್ತೀನಿ."

ಓದಿದ್ದು ನಾಲ್ಕನೇ ಕ್ಲಾಸು. ಆದರೂ ಕೊಚ್ಚಿಯ ಚರಿತ್ರೆಯನ್ನು ಅವರ ಬಾಯಲ್ಲೇ ಕೇಳಬೇಕು. ಕಡಲ ದಂಡೆಯಿಂದ ಹತ್ತು ಹೆಜ್ಜೆಗೆ ಪೋರ್ಚುಗೀಸರು ಕಟ್ಟಿದ ಹಳೆಯ ಇಗರ್ಜಿ ಇದೆ. ಅದರ ಬಾಗಿಲಲ್ಲಿ ಪಾಠ ಶುರುವಾಗುತ್ತದೆ. "ವಾಸ್ಕೋಡಗಾಮ ಅಂತ ಒಬ್ಬ, ಮೆಣಸಿನ ಆಸೆಗೆ ಸಮುದ್ರದ ಮ್ಯಾಲೆ ಬಂದೋನು. ಬಂದೋನು ಇಲ್ಲೇ ಸತ್ತ. ಅದಿನಾಕು ವರ್ಸ ಇದೇ ಗುಡಿ ಒಳಗೆ ಮಣ್ಣಲ್ಲಿದ್ದ. ಆಮ್ಯಾಕೆ ಅವ್ನ ಕಡೆಯೋರು ಎಲುಬು ಎತ್ಕಂಡು ಅವ್ರೂರಿಗೆ ತಗೊಂಡೋದ್ರು. ನೋಡ್ರವ್ವ, ಎಷ್ಟ್ ದೂರ ಬಂದ್ರೂ ಕಳ್ಕಂಡೋರ್ನ ಉಡುಕ್ಕೊಂಡು ಬರೋರು ಇರ್ತಾರೆ." ಹೆಂಗಸರು ತಲೆದೂಗುತ್ತಾರೆ. ಚಪ್ಪಲಿ ಬಿಡಬೇಕೇ ಬೇಡವೇ ಎಂದು ಕೇಳುತ್ತಾರೆ. ಬೇಡವೆಂದರೂ ಅರ್ಧ ಜನ ಬಿಟ್ಟೇ ಒಳಗೆ ಹೋಗುತ್ತಾರೆ, ಅಭ್ಯಾಸ.

ಈ ಕೆಲಸ ಅವರಿಗೆ ಸಿಕ್ಕಿದ್ದು ಸಿಟ್ಟಿನಿಂದ. ಹದಿನಾಲ್ಕು ವರ್ಷದ ಹಿಂದೆ ಸ್ತ್ರೀಶಕ್ತಿ ಸಂಘದವರ ಜೊತೆ ಇದೇ ಬಸ್ಸಿನಲ್ಲಿ ಪ್ರಯಾಣಿಕಳಾಗಿ ಬಂದಿದ್ದರು. ಆಗ ಕರೆತಂದಿದ್ದ ಗಂಡಸು ಮಧ್ಯಾಹ್ನ ಊಟ ಮಾಡಿ ಬಸ್ಸಿನೊಳಗೆ ನಿದ್ದೆ ಹೊಡೆದ. ಹೆಂಗಸರು ದಿಕ್ಕಾಪಾಲಾದರು. ಬೆಟ್ಟಮ್ಮ ಆ ಮಹಾರಾಯನ ಕೊರಳಿನಿಂದ ಸೀಟಿ ಕಿತ್ತುಕೊಂಡು ಊದಿ, ಎಲ್ಲರನ್ನೂ ಸಾಲು ನಿಲ್ಲಿಸಿದರು. ವಾರದ ನಂತರ ಬಸ್ಸಿನ ಮಾಲೀಕರೇ ದಂಡಿಗನಹಳ್ಳಿಗೆ ಹುಡುಕಿಕೊಂಡು ಬಂದರು. ಅಂದು ಕಿತ್ತುಕೊಂಡ ಸೀಟಿಯನ್ನು ಇವರು ಇಂದಿಗೂ ಹಿಂತಿರುಗಿಸಿಲ್ಲ.

ಮೊದಲ ಎರಡು ವರ್ಷ ಊರು ಸುಮ್ಮನಿರಲಿಲ್ಲ. ಮನೆ ಗಂಡಸನ್ನು ಬಿಟ್ಟು ಡ್ರೈವರ್ ಜೊತೆ ಊರೂರು ತಿರುಗುವ ಹೆಂಗಸು ಎಂದರು. ಅವರ ಗಂಡ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾರೆ. ಆ ಮನುಷ್ಯ ಒಂದೇ ಮಾತು ಹೇಳಿ ಎಲ್ಲರ ಬಾಯಿ ಮುಚ್ಚಿಸಿದರಂತೆ: "ಅವ್ಳು ಮನೇಲಿದ್ರೆ ನನ್ನ ಸಾಲು ನಿಲ್ಲುಸ್ತಾಳೆ, ಓಗ್ಲಿ ಬುಡ್ರಪ್ಪ." ಅವರು ಒಮ್ಮೆಯೂ ಕೊಚ್ಚಿಗೆ ಬಂದಿಲ್ಲ. ಹಸುಗಳಿಗೆ ರಜೆ ಇಲ್ಲ.

ಈ ಸಲ ಬೆಟ್ಟಮ್ಮನ ಚಡಪಡಿಕೆ ಎಂದಿಗಿಂತ ಹೆಚ್ಚು. ಕಾರಣ ಪಟ್ಟಿಯ ಹದಿನೇಳನೆಯ ಹೆಸರು: ಶ್ರೀರಂಗಮ್ಮ, ಎಪ್ಪತ್ತಾರು ವರ್ಷ, ಹೊಳೆನರಸೀಪುರ.

ಕಳೆದ ವರ್ಷ ಬೇರೆ ಊರಿನ ಪ್ರವಾಸದಲ್ಲಿ, ಇದೇ ಮಾಲೀಕರ, ಬೆಟ್ಟಮ್ಮ ಇಲ್ಲದ ಇನ್ನೊಂದು ಬಸ್ಸಿನಿಂದ ಹಿರಿಯರೊಬ್ಬರು ಮೂರು ಗಂಟೆ ಕಾಣೆಯಾಗಿದ್ದರು. ಸಿಕ್ಕರು, ಆದರೆ ಮನೆಯವರು ಮಾಡಿದ ಗಲಾಟೆಯ ವಿಡಿಯೋ ಜಿಲ್ಲೆಯೆಲ್ಲ ಓಡಾಡಿತು. ಮಾಲೀಕರು ಅಂದೇ ತೀರ್ಮಾನಿಸಿದರು, ಎಪ್ಪತ್ತು ದಾಟಿದವರಿಗೆ ಸೀಟಿಲ್ಲ. ಬೆಟ್ಟಮ್ಮ ಒಪ್ಪಲಿಲ್ಲ. ಆಫೀಸಿನ ಬಾಗಿಲಲ್ಲಿ ನಿಂತು ವಾದ ಮಾಡಿದರು. ಕೊನೆಗೆ ಒಂದೇ ಒಂದು ಸಲ ನೋಡೋಣ, ಶ್ರೀರಂಗಮ್ಮ ಹೋಗಿ ಬರಲಿ, ಹೆಚ್ಚುಕಮ್ಮಿಯಾದರೆ ಮುಂದೆ ವಯಸ್ಸಾದವರ ಹೆಸರೆತ್ತಬಾರದು ಎಂದು ಮಾತಾಯಿತು.

"ವಯಸ್ಸುಡ್ಗೀರಿಗೆ ಸಮುದ್ರ ಮುಂದಕ್ಕೂ ಸಿಕ್ತದೆ. ಎಪ್ಪತ್ತಾಗಿರೋರಿಗೆ ಈಗ್ಲೇ ತಾನೇ ಸಾ ತೋರುಸ್ಬೇಕು? ನಾಳೆ ಅಂದ್ರೆ ಯಾವ ನಾಳೆ?" ಎಂದು ಕೇಳುವಾಗ ಬೆಟ್ಟಮ್ಮನ ದನಿಯಲ್ಲಿ ಸಿಟ್ಟಿದೆ.

ಶ್ರೀರಂಗಮ್ಮ ಸಂಗೀತದ ಊರಾದ ರುದ್ರಪಟ್ಟಣದ ಮಗಳು, ಹೊಳೆನರಸೀಪುರದ ಸೊಸೆ. ಗುಬ್ಬಚ್ಚಿಯಷ್ಟು ಮೈ, ಗಟ್ಟಿ ಕಂಠ. ತಿರುಪತಿಗೇ ಹದಿನೆಂಟು ಸಲ ಹೋಗಿಬಂದಿದ್ದಾರೆ. ದೇವಸ್ಥಾನವಿಲ್ಲದ ಪ್ರವಾಸಕ್ಕೆ ಹೊರಟದ್ದು ಮಾತ್ರ ಬಾಳಿನಲ್ಲಿ ಇದೇ ಮೊದಲು. ಅವರಿಗೆ ಬೆಟ್ಟಮ್ಮ ಹುಡುಕಿದ ಜೋಡಿ ಧನಲಕ್ಷ್ಮಿ, ಸಾಲಗಾಮೆಯ ರೈತ ಮನೆಯ ನಲವತ್ತರ ಹೆಂಗಸು, ಫೋಟೋ ಹುಚ್ಚಿನವರು.

ಎಂಟೂವರೆಗೆ ಬಸ್ಸಿನ ಪಕ್ಕದಲ್ಲಿ ಉಪ್ಪಿಟ್ಟು ಮುಗಿಯುತ್ತದೆ. ಅರ್ಧ ಗಂಟೆ ಬಿಡುವು, ಆಮೇಲೆ ಮಟ್ಟಾಂಚೇರಿ ಅರಮನೆ, ಅದರ ಹತ್ತಿರದ ಮಸಾಲೆ ಅಂಗಡಿಗಳು. ಸಕಲೇಶಪುರದ ಏಲಕ್ಕಿ ಮನೆಯ ಮಗ್ಗುಲಲ್ಲೇ ಇದ್ದರೂ ಕೊಚ್ಚಿಯಲ್ಲಿ ಕೊಂಡರೇ ನಮ್ಮ ಹೆಂಗಸರಿಗೆ ಸಮಾಧಾನ. ಹನ್ನೊಂದಕ್ಕೆ ಕೊಚ್ಚಿ ಬಿಡಲೇಬೇಕು. ಬಂಡೀಪುರದ ಕಾಡಿನ ರಸ್ತೆಯ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚಿದರೆ ತೆರೆಯುವುದು ಬೆಳಗಿನ ಆರಕ್ಕೆ. ಡ್ರೈವರ್ ನಟರಾಜು ಆಗಲೇ ಗಡಿಯಾರ ನೋಡುತ್ತಿದ್ದಾರೆ.

ಒಂಬತ್ತೂ ಹತ್ತಕ್ಕೆ ಧನಲಕ್ಷ್ಮಿ ಓಡಿ ಬರುತ್ತಾರೆ. ಉಸಿರು ಮೇಲೆ ಕೆಳಗೆ.

"ಅಕ್ಕಾ, ಅಜ್ಜಮ್ಮ ಇಲ್ಲ ಕಣಕ್ಕಾ. ಪೋಟ ತೆಗಿ ಅಂತ ಅವ್ರೇ ಪೋನ್ ಕೊಟ್ರು. ನಾನು ಬಲೆ ಕಡೆ ತಿರುಕ್ಕಂಡು ಎರಡು ಪೋಟ ತೆಗ್ದೆ ಅಷ್ಟೇಯ. ತಿರುಗಿ ನೋಡ್ತೀನಿ, ಇಲ್ಲ."

ಕಡಲಿಗೆ ಬೆನ್ನು ಹಾಕಿಯೇ ನಿಲ್ಲುವ ಹೆಂಗಸು ಮೊದಲ ಸಲ ತಿರುಗಿ, ನೀರನ್ನು ಉದ್ದಕ್ಕೂ ನೋಡುತ್ತಾರೆ. ಅವರ ಎದೆಯಲ್ಲಿ ಏನು ಓಡುತ್ತಿದೆ ಎಂದು ಯಾರೂ ಕೇಳಬೇಕಾಗಿಲ್ಲ.

ನಟರಾಜು ಧೈರ್ಯ ಹೇಳಲು ಬರುತ್ತಾರೆ. "ಬತ್ತಾರೆ ಬುಡಕ್ಕ. ಊರಿಗ್ ಬಂದೋಳು ನೀರಿಗ್ ಬರ್ದೆ ಇರ್ತಾಳಾ?"

"ಬಾಯ್ ಮುಚ್ಕಳಯ್ಯ. ನೀರಿಗ್ ಬಂದವ್ರೇನೋ ಅನ್ನೋದೇ ನನ್ ಭಯ."

ಸೀಟಿ ಊದುತ್ತಾರೆ. ಐದು ನಿಮಿಷದಲ್ಲಿ ನಲವತ್ತೊಂದು ಹೆಂಗಸರು ಬಸ್ಸಿನ ಬಳಿ ಸೇರುತ್ತಾರೆ, ಒಬ್ಬೊಬ್ಬರದೂ ಒಂದೊಂದು ಸಲಹೆ. ಎಲ್ಲರಿಗೂ ಹುಡುಕಲು ಹೋಗುವ ಉತ್ಸಾಹ. ಬೆಟ್ಟಮ್ಮ ಕೈ ಅಡ್ಡ ಚಾಚುತ್ತಾರೆ. "ಒಬ್ರನ್ನ ಉಡುಕಕ್ಕೆ ನಲವತ್ತು ಜನ ಓದ್ರೆ, ಆಮ್ಯಾಕೆ ನಲವತ್ತು ಜನಾನೂ ಉಡುಕ್ಬೇಕು. ಯಾರೂ ಅಲ್ಲಾಡಂಗಿಲ್ಲ."

ಧನಲಕ್ಷ್ಮಿಯನ್ನು ಮಾತ್ರ ಜೊತೆಗೆ ಕರೆದುಕೊಂಡು ಹೋಗಿ, ನೀರಂಚಿನಲ್ಲಿ ಬಲೆ ಎಳೆಯುವವರನ್ನು ಕೇಳುತ್ತಾರೆ. ಇವರಿಗೆ ಬರುವ ಮಲಯಾಳ ಹನ್ನೊಂದು ಪದ, ಅದರಲ್ಲಿ ಮೂರು ಅನ್ನ, ನೀರು, ಕಕ್ಕಸು. ಧನಲಕ್ಷ್ಮಿಯ ಕೈಯಲ್ಲಿದ್ದ ಫೋನಿನಲ್ಲಿ ಶ್ರೀರಂಗಮ್ಮನ ಫೋಟೋ ಹುಡುಕಿ ತೋರಿಸುತ್ತಾರೆ. ಅವರು ತಲೆಯಾಡಿಸುತ್ತಾರೆ: ಈ ಮುದುಕಿ ನೀರಿನ ಕಡೆ ಬಂದೇ ಇಲ್ಲ. ಬೆಟ್ಟಮ್ಮನಿಗೆ ಅರ್ಧ ಜೀವ ಬರುತ್ತದೆ. ಇಗರ್ಜಿಯ ಒಳಗೆ ನೋಡಿ ಬರುತ್ತಾರೆ, ಮರದ ಕೆಳಗಿನ ಅಂಗಡಿ ಸಾಲು, ಉದ್ಯಾನದ ಬೆಂಚು. ಇಲ್ಲ. ಒಂಬತ್ತೂ ನಲವತ್ತು.

ಅಷ್ಟರಲ್ಲಿ ಬಸ್ಸಿನಲ್ಲಿದ್ದ ಯಾರೋ ಪುಣ್ಯಾತ್ಗಿತ್ತಿ ವಾಟ್ಸಾಪಿಗೆ ಸುದ್ದಿ ಹಾಕಿಬಿಟ್ಟಿದ್ದಾಳೆ. ಹಾಸನದಿಂದ ಮಾಲೀಕರ ಫೋನು ಬರುತ್ತದೆ. ಬೆಟ್ಟಮ್ಮ ಎತ್ತುವುದಿಲ್ಲ. ಮತ್ತೆ ಬರುತ್ತದೆ, ಎತ್ತುವುದಿಲ್ಲ.

ದಾರಿಯ ನಡುವೆ ನಿಂತು ಧನಲಕ್ಷ್ಮಿಯನ್ನು ಕೇಳುತ್ತಾರೆ. "ನೆನ್ನೆಯಿಂದ ಅವ್ರ ಪಕ್ಕ ಕೂತಿದ್ದೀಯಲ್ಲ, ಏನು ಮಾತಾಡ್ತಾರೆ?"

"ಬರೀ ದೇವಸ್ಥಾನದ್ದೇ ಅಕ್ಕ. ತಿರುಪ್ತೀಲಿ ಯಾವ ವರ್ಸ ಎಷ್ಟೊತ್ತು ಕ್ಯೂ ನಿಂತ್ರು, ಅದೇಯ. ಸಾಲು ಬುಟ್ರೆ ದರ್ಶನ ತಪ್ಪೋಯ್ತದೆ, ಸಾಲು ಕಂಡ ತಕ್ಷಣ ನಿಂತ್ಕಬುಡಬೇಕು ಅಂತಾರೆ."

ಬೆಟ್ಟಮ್ಮ ಸುತ್ತ ನೋಡುತ್ತಾರೆ. ಈ ಊರಲ್ಲಿ ಸಾಲು ಎಲ್ಲಿದೆ? ಬಲೆಗಳ ಆಚೆ, ಎದುರು ದಡದ ವೈಪಿನ್‌ಗೆ ಜನರನ್ನೂ ವಾಹನಗಳನ್ನೂ ದಾಟಿಸುವ ದೋಣಿಯ ಕಟ್ಟೆ ಇದೆ. ಅಲ್ಲಿ ಟಿಕೆಟ್ ಕಿಟಕಿ ಇದೆ. ಕಿಟಕಿಯ ಮುಂದೆ ಹೆಂಗಸರದೇ ಒಂದು ಸಾಲಿದೆ, ಪಕ್ಕದಲ್ಲಿ ಕಬ್ಬಿಣದ ಕಂಬಿ, ಥೇಟ್ ದೇವಸ್ಥಾನದ್ದೇ.

ಬೆಟ್ಟಮ್ಮ ಓಡುತ್ತಾರೆ. ಮಂಡಿ ನೋವಿನ ಐವತ್ತೆಂಟರ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುವುದನ್ನು ನೋಡಿ ವಿದೇಶಿಯರು ದಾರಿ ಬಿಡುತ್ತಾರೆ. ಟಿಕೆಟ್ ಕೊಡುವವನು ಫೋಟೋ ನೋಡಿದ್ದೇ ನಗುತ್ತಾನೆ, ಎದುರು ದಡದ ಕಡೆ ಕೈ ತೋರಿಸುತ್ತಾನೆ.

ನಲವತ್ತೊಂದು ಸಲ ಕೊಚ್ಚಿಗೆ ಬಂದವರು ಆ ದೋಣಿಯನ್ನು ಹತ್ತಿದ್ದು ಇದೇ ಮೊದಲು. ದಾಟಲು ಹತ್ತು ನಿಮಿಷವೂ ಬೇಡ. ಆದರೂ ಬೆಟ್ಟಮ್ಮನಿಗೆ ಅದು ಬಂಡೀಪುರದ ಕಾಡಿಗಿಂತ ಉದ್ದವಾಗುತ್ತದೆ. ಹಡಗು ಹೋಗಲಿ, ಹಕ್ಕಿ ಹಾರಲಿ, ಅವರ ದೃಷ್ಟಿ ಎದುರು ದಡ ಬಿಟ್ಟು ಕದಲುವುದಿಲ್ಲ. ದೋಣಿ ತಾಗುವ ಮೊದಲೇ ಇಳಿಯಲು ಹೋಗಿ ಕೆಲಸದವನಿಂದ ಬೈಸಿಕೊಳ್ಳುತ್ತಾರೆ.

ಇಳಿದ ಕಡೆ, ಟಿಕೆಟ್ ಮನೆಯ ನೆರಳಿನಲ್ಲಿ ಮೀನು ಮಾರುವ ಹೆಂಗಸೊಬ್ಬಳು ಕುಳಿತಿದ್ದಾಳೆ. ಅವಳ ಪಕ್ಕದಲ್ಲಿ, ಮಡಿಲಲ್ಲಿ ಕೈ ಇಟ್ಟುಕೊಂಡು ಶ್ರೀರಂಗಮ್ಮ. ಮುಂದೆ ಇಬ್ಬರು ದೋಣಿ ಕೆಲಸದವರು ಕೈಮುಗಿಯುವುದೊಂದು ಬಾಕಿ. ಆಗಿನಿಂದ ಎರಡು ಸಲ ಅಜ್ಜಿಯನ್ನು ವಾಪಸು ದೋಣಿ ಹತ್ತಿಸಲು ನೋಡಿದ್ದಾರೆ, ಅಜ್ಜಿ ಕದಲಿಲ್ಲ.

"ಬಂದೆಯೇನೇ? ನನಗೆ ಗೊತ್ತಿತ್ತು ಕಣೇ ಬರ್ತೀಯ ಅಂತ," ಎನ್ನುತ್ತಾರೆ ಶ್ರೀರಂಗಮ್ಮ. "ಇವರು ಹತ್ತು ಹತ್ತು ಅಂತ ಒಂದೇ ಸಮನೆ. ನಾನು ಹತ್ತಲಿಲ್ಲ. ಇದ್ದ ಜಾಗದಲ್ಲೇ ಇರಬೇಕು ಅಂತ ನೀನು ಹೇಳಿಲ್ವೇ?"

ಬೆಟ್ಟಮ್ಮ ಅಜ್ಜಿಯ ಮಣಿಕಟ್ಟು ಹಿಡಿದು ಅಲ್ಲೇ ನೆಲಕ್ಕೆ ಕುಸಿದು ಕೂರುತ್ತಾರೆ. ಎರಡು ದಿನದಲ್ಲಿ ಅವರು ಕೂತದ್ದು ಇದೇ ಮೊದಲು. ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ. "ಯಾಕ್ ಅತ್ತುದ್ರಿ ಅಜ್ಜಮ್ಮ? ಅದು ದೋಣಿ ಕಣ್ರವ್ವ!"

"ದೋಣಿ ಅಂತ ಹತ್ತಿದ ಮೇಲೆ ಗೊತ್ತಾಯ್ತು. ಹೆಂಗಸರ ಸಾಲಿತ್ತು, ನಿಂತೆ. ಟಿಕೆಟ್ ಕೊಟ್ರು, ವಿಶೇಷ ದರ್ಶನ ಅಂದ್ಕೊಂಡೆ. ಸಾಲು ಮುಂದಕ್ಕೆ ಹೋಯ್ತು, ನಾನೂ ಹೋದೆ. ಆಮೇಲೆ ನೋಡಿದ್ರೆ ನೆಲವೇ ಹೊರಟುಬಿಡ್ತು." ಅಜ್ಜಿಗೆ ಪಶ್ಚಾತ್ತಾಪವೇನೂ ಕಾಣುತ್ತಿಲ್ಲ.

"ಮೀನ್ ಬುಟ್ಟಿ ಪಕ್ಕ ಕೂತಿದ್ದೀರಲ್ಲ, ವಾಸ್ನೆ ಬರ್ಲಿಲ್ವಾ ನಿಮ್ಗೆ?"

"ಸಮುದ್ರದಲ್ಲಿ ಮತ್ತೇನು ಮಲ್ಲಿಗೆ ವಾಸನೆ ಬರುತ್ತೇನೇ? ಪಾಪ, ಇವಳೇ ನನಗೆ ನೆರಳು ಬಿಟ್ಟುಕೊಟ್ಟಿದ್ದು."

ವಾಪಸು ದೋಣಿಯಲ್ಲಿ ಬೆಟ್ಟಮ್ಮ ಆ ಮಣಿಕಟ್ಟನ್ನು ಬಿಡುವುದಿಲ್ಲ. ನೀರಿನ ನಡುವೆ ಶ್ರೀರಂಗಮ್ಮ, "ನೋಡೇ ಅಲ್ಲಿ, ಎಷ್ಟು ಚೆನ್ನಾಗಿದೆ," ಎಂದು ತೋರಿಸುತ್ತಾರೆ. ಬೆಟ್ಟಮ್ಮ ನೋಡುತ್ತಾರೆ. ಬಲೆಗಳು, ಹಳೆಯ ಹೆಂಚಿನ ಮನೆಗಳು, ಕಟ್ಟೆಯ ಮೇಲೆ ಉದ್ದಕ್ಕೆ ಬಣ್ಣಬಣ್ಣದ ಸೀರೆಗಳ ಸಾಲು. ಅಲ್ಲಾಡಬೇಡಿ ಎಂದದ್ದನ್ನು ಮೀರಿ ಎಲ್ಲರೂ ಕಟ್ಟೆಗೆ ಬಂದಿದ್ದಾರೆ. ಬೆಟ್ಟಮ್ಮನ ತುಟಿ ಅಲುಗುತ್ತಿದೆ. ಮಂತ್ರವಲ್ಲ, ಎಣಿಸುತ್ತಿದ್ದಾರೆ. ನಲವತ್ತೊಂದು ಸರಿಯಾಗಿದೆ. ಎಲ್ಲರಿಗಿಂತ ಮುಂದೆ ಧನಲಕ್ಷ್ಮಿ, ಸೆರಗು ಬಾಯಿಗೊತ್ತಿಕೊಂಡು ಅಳುತ್ತ ನಿಂತಿದ್ದಾರೆ.

ದಡಕ್ಕೆ ಬಂದಾಗ ಹತ್ತೂವರೆ. ಅರಮನೆಗೆ ಹೊತ್ತಿಲ್ಲ, ಏಲಕ್ಕಿಗಂತೂ ಇಲ್ಲವೇ ಇಲ್ಲ. ಅರಕಲಗೂಡಿನ ಇಬ್ಬರು ಮುಖ ಗಂಟಿಕ್ಕಿಕೊಂಡೇ ಬಸ್ಸು ಹತ್ತುತ್ತಾರೆ, ಒಬ್ಬರಿಂದ ಎಲ್ಲರಿಗೂ ನಷ್ಟ ಎಂದು ಕೇಳುವಂತೆಯೇ ಅನ್ನುತ್ತಾರೆ. ಅವರ ಮಾತು ಸುಳ್ಳೇನಲ್ಲ. ನಟರಾಜು ಬೆಟ್ಟಮ್ಮನ ಕಿವಿಯ ಹತ್ತಿರ ಬಂದು, ಅಜ್ಜಮ್ಮ ಬಸ್ಸಿನಲ್ಲೇ ನಿದ್ದೆ ಮಾಡುತ್ತಿದ್ದರು ಎಂದು ಮಾಲೀಕರಿಗೆ ಹೇಳಿಬಿಡಿ ಎನ್ನುತ್ತಾರೆ. ಫೋನು ಮತ್ತೆ ಹೊಡೆದುಕೊಳ್ಳುತ್ತದೆ. ಈ ಸಲ ಎತ್ತುತ್ತಾರೆ. ಬೆಟ್ಟಮ್ಮನ ಫೋನು ಸ್ಪೀಕರಿಗೆ ಹಾಕದಿದ್ದರೂ ಸುತ್ತಲಿನ ಹತ್ತು ಜನಕ್ಕೆ ಕೇಳುತ್ತದೆ.

"ಸಿಕ್ಕಿದ್ರಾ?"

"ಸಿಕ್ಕಿದ್ರು ಸಾ. ದೋಣಿ ಅತ್ತಿ ಆಚೆ ದಡಕ್ಕೆ ಓಗಿದ್ರು. ಕರ್ಕಂಡ್ ಬಂದೆ."

ಸುಳ್ಳು ಹೇಳಲಿಲ್ಲವಲ್ಲ ಎಂದು ನಟರಾಜು ಹಣೆ ಚಚ್ಚಿಕೊಳ್ಳುತ್ತಾರೆ.

"ನಾನು ಬಡ್ಕೊಂಡೆ, ವಯಸ್ಸಾದವ್ರು ಬ್ಯಾಡ ಅಂತ! ಏನಾದ್ರೂ ಆಗಿದ್ದಿದ್ರೆ?"

"ಆಗಿದ್ರೆ ತಪ್ಪು ನಂದೇಯ. ಸಾಲು ಕಂಡ್ರೆ ನಿಂತ್ಕಬ್ಯಾಡಿ ಅಂತ ನಾನು ಯೋಳಿರ್ನಿಲ್ಲ. ಮುಂದ್ಲ ಸಲದಿಂದ ಯೋಳ್ತೀನಿ. ಅವ್ರ ತಪ್ಪೇನಿಲ್ಲ ಸಾ. ಕಳದೋದ್ರೆ ಇದ್ದಲ್ಲೇ ಇರಿ ಅಂದಿದ್ದೆ, ಒಂದೆಜ್ಜೆ ಅಲ್ಲಾಡ್ದೆ ಕೂತಿದ್ರು. ಅದ್ಕೇ ಸಿಕ್ಕಿದ್ರು. ಅಲ್ಲಾಡ್ಬ್ಯಾಡಿ ಅಂತ ಇಲ್ಲಿ ವಯಸ್ಸುಡ್ಗೀರ್ಗೆ ಯೋಳ್ಬುಟ್ಟು ಓದೆ, ಒಬ್ರಾದ್ರೂ ಕೇಳಿದ್ರಾ?"

ಬಸ್ಸಿನ ಕಿಟಕಿಗಳಲ್ಲಿ ತಲೆಗಳು ತಗ್ಗುತ್ತವೆ. ಫೋನಿನ ಆ ತುದಿಯಲ್ಲಿ ಮಾಲೀಕರು ಹಾಳೆ ತಿರುವುವ ಸದ್ದು.

"ಮುಂದಿನ ಟ್ರಿಪ್ಪಿಗೆ ಎಪ್ಪತ್ತು ದಾಟಿದೋರು ಎಷ್ಟು ಜನ ಕೇಳವ್ರೆ?"

"ನಾಕು ಜನ ಸಾ."

"ನಾಕಿಲ್ಲ ಗೀಕಿಲ್ಲ. ಒಬ್ರು. ಒಬ್ರೇ. ಬಸ್ ಇಳಿದಾಗಿಂದ ಬಸ್ ಹತ್ತೋತನಕ ಅವ್ರ ಕೈ ನಿನ್ನ ಕೈಯಲ್ಲೇ ಇರ್ಬೇಕು. ಒಪ್ಕೊಂಡ್ರೆ ಪಟ್ಟೀಲಿ ಬರ್ಕೋತೀನಿ."

ಬೆಟ್ಟಮ್ಮ ಉತ್ತರ ಕೊಡುವ ಮೊದಲು ಕೆಳಗೆ ನೋಡಿಕೊಳ್ಳುತ್ತಾರೆ. ಎಡಗೈಯಲ್ಲಿ ಇನ್ನೂ ಶ್ರೀರಂಗಮ್ಮನ ಮಣಿಕಟ್ಟಿದೆ, ಬಲಗೈಯಲ್ಲಿ ಫೋನು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಬಲಗೈಯನ್ನು ಬಿಡಿಸಿಕೊಳ್ಳುತ್ತಾರೆ.

"ಕೈ ಎರಡವೆ ಸಾ. ಇಬ್ರು ಅಂತ ಬರ್ಕಳಿ."